ಭಾನುವಾರದ ಚೋರ್ಲಾ ಘಾಟ್ ಪ್ರವಾಸ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 6 ಗಂಟೆಗೆ ಬೆಳಗಾವಿಯಿಂದ ಹೊರಡುತ್ತೇವೆ. ಜಾಂಬೋಟಿ, ಕಣಕುಂಬಿ, ಅಲ್ಲಿಂದ ಚೋರ್ಲಾ ಘಾಟ್. ಈ ಸಲ ಗೋವಾಕ್ಕೆ ಇಳಿಯುವುದಿಲ್ಲ. ದಾರಿಯ ಊರುಗಳಿಗಾಗಿಯೇ ಹೋಗುತ್ತಿದ್ದೇವೆ.

ಡಾಂಬರು ಬೀಳುವ ಮೊದಲು ಸಹ್ಯಾದ್ರಿಯ ಘಾಟ್‌ಗಳಲ್ಲಿ ಹೇರೆತ್ತುಗಳ ಸಾಲು ನಡೆಯುತ್ತಿತ್ತು. ಕರಾವಳಿಯ ಉಪ್ಪು ಮೇಲೇರಿದರೆ ಬಯಲುಸೀಮೆಯ ಧಾನ್ಯ ಕೆಳಗಿಳಿಯುತ್ತಿತ್ತು. ಹಾಗೆ ಕೊಂಕಣಕ್ಕೆ ಇಳಿಯುತ್ತಿದ್ದ ರಾಮಘಾಟದ ಹೆಸರು ನಮ್ಮ ನಗರದ ರಸ್ತೆಯೊಂದಕ್ಕೆ ಇಂದಿಗೂ ಇದೆ.

ಕಣಕುಂಬಿಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂಬುದು ನನ್ನ ಆಸೆ. ಮಲಪ್ರಭೆ ಹುಟ್ಟುವುದು ಅಲ್ಲಿಯೇ, ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿ. ನವಿಲುತೀರ್ಥದ ಅಣೆಕಟ್ಟಿನ ನೀರು, ಪಟ್ಟದಕಲ್ಲಿನ ಗುಡಿಗಳ ಪಕ್ಕದ ಹೊಳೆ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಪ್ರವಾಹ, ಎಲ್ಲದರ ಮೂಲ ಆ ಸಣ್ಣ ಊರು. ಇಷ್ಟು ದೊಡ್ಡ ಋಣವಿರುವ ಊರನ್ನು ಕಾರಿನ ಕಿಟಕಿಯಿಂದ ನೋಡಿ ಮುಂದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಮಾವುಲಿ ದೇವಿಯ ದರ್ಶನವನ್ನೂ ಮಾಡೋಣ.

ಊಟ, ತಿಂಡಿ ಕಟ್ಟಿಕೊಂಡು ಬರಬೇಡಿ. ದಾರಿಯ ಸಣ್ಣ ಹೋಟೆಲ್‌ಗಳಲ್ಲಿಯೇ ತಿನ್ನೋಣ, ಆ ಹಣ ಅಲ್ಲಿಯೇ ಉಳಿಯಲಿ. ಚಿಲ್ಲರೆ ನೋಟು ಇಟ್ಟುಕೊಳ್ಳಿ. ಅಲ್ಲಿನವರ ಮನೆಮಾತು ಹೆಚ್ಚಾಗಿ ಮರಾಠಿ. ಬಲ್ಲವರು ಒಂದೊಂದು ವಾಹನದಲ್ಲಿ ಒಬ್ಬರಂತೆ ಕುಳಿತುಕೊಳ್ಳಿ. ಮನೆ, ಮಕ್ಕಳ ಫೋಟೊ ಕೇಳದೆ ತೆಗೆಯಬೇಡಿ. ಪ್ಲಾಸ್ಟಿಕ್ ಏನಿದ್ದರೂ ವಾಪಸ್ ತರಲೇಬೇಕು.

ಭೀಮಗಡ ಅರಣ್ಯದೊಳಗಿನ ಊರುಗಳನ್ನು ಕೆಲವರು ಕೇಳಿದ್ದಾರೆ. ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೋಗುವುದು ಬೇಡ.

ಬರುವವರು ಗುರುವಾರ ಸಂಜೆಯೊಳಗೆ ಹೆಸರು ತಿಳಿಸಿ.