ಗುರುವಿಗೆ, ಚಳ್ಳಕೆರೆಯಿಂದ

ಲೋ ಗುರು,

ಕೆಲಸ ಬಿಟ್ಟು ಗಾಣ ಹಾಕಿದ್ದಕ್ಕೆ ನಿಜವಾಗಲೂ ಖುಷಿಯಿದೆಯಾ ಅಂತ ಕೇಳಿದೆಯಲ್ಲ, ಫೋನಿನಲ್ಲಿ ಸುಮ್ನೆ ಹೂಂ ಅಂದುಬಿಟ್ಟೆ. ಸುತ್ತ ಜನ ಇದ್ದರು. ಇದನ್ನೇ ಇನ್ನೂ ಹಲವರು ಕೇಳುತ್ತಿದ್ದಾರೆ, ಅದಕ್ಕೆ ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ನಮ್ಮೂರಿಗೆ ಎಣ್ಣೆ ನಗರ ಅಂತ ಹೆಸರು, ನಿನಗೆ ಗೊತ್ತು. 1994ರಲ್ಲಿ ಪಾಮೋಲಿನ್ ಅನ್ನುವ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಆಮೇಲೆ ಅಗ್ಗದ ತಾಳೆ ಎಣ್ಣೆಯ ಎದುರು ಶೇಂಗಾ ಮಿಲ್ಲುಗಳು ಸೊರಗಿದವು. ಇಂಥ ಊರಲ್ಲಿ ಮರದ ಗಾಣ ಹಾಕುತ್ತೇನೆ ಅಂದಾಗ ನಗದೆ ಕೇಳಿದವನು ನೀನೊಬ್ಬನೇ.

ಖುಷಿ ಎಲ್ಲಿದೆ ಹೇಳಲಾ? ಬೀಜ ಆರಿಸುವ ಜಾಗದಲ್ಲಿ. ರಿಫೈನ್ಡ್ ಎಣ್ಣೆಯಲ್ಲಿ ಬೀಜದ ದೋಷ ಬಹುಪಾಲು ಶುದ್ಧೀಕರಣದಲ್ಲಿ ಹೋಗುತ್ತದೆ. ಗಾಣದ ಎಣ್ಣೆಗೆ ಆ ಕಾವಲಿಲ್ಲ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಎಣ್ಣೆಗೂ ಇಳಿಯುತ್ತದೆ. ಹಾಗಾಗಿ ಬಣ್ಣಗೆಟ್ಟ, ಮುರುಟಿದ ಬೀಜವನ್ನೆಲ್ಲ ಕೈಯಲ್ಲೇ ಆರಿಸಬೇಕು. ಚೀಲ ಬಿಚ್ಚಿದಾಗ ಮುಗ್ಗಲು ವಾಸನೆ ಬಂದರೆ ‘ಬೇಡ, ವಾಪಸ್ ತಗೊಂಡು ಹೋಗಿ’ ಅನ್ನುತ್ತೇನೆ. ಆ ಒಂದು ಮಾತು ಹೇಳುವ ಅಧಿಕಾರಕ್ಕೇ ನಾನು ಗಾಣ ಹಾಕಿದ್ದು ಅಂತ ಈಗೀಗ ಗೊತ್ತಾಗುತ್ತಿದೆ. ಹಿಂದಿನ ಕೆಲಸದಲ್ಲಿ ಸರಿಯಿಲ್ಲ ಅಂತ ಕಂಡರೂ ಸಹಿ ಹಾಕಿ ಕಳಿಸಬೇಕಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಈಗ ಬಾಟಲಿ ಮೇಲೆ ನನ್ನ ಹೆಸರು, ನನ್ನ ಫೋನ್ ನಂಬರ್ ಇದೆ. ಭಯವೇನೋ ಇದೆ. ನಿದ್ದೆಯೂ ಬರುತ್ತದೆ.

ಆದರೆ ಹೋದ ವಾರ ಲೆಕ್ಕ ಬರೆಯುತ್ತಾ ಕೂತಾಗ ಒಂದು ವಿಷಯ ಚುಚ್ಚಿತು. ಒಂದು ಲೀಟರ್ ಎಣ್ಣೆಗೆ ಹೆಚ್ಚುಕಡಿಮೆ ಎರಡೂವರೆ ಕೆಜಿ ಬೀಜ ಬೇಕು. ಮರದ ಗಾಣ ಹಿಂಡಿಯಲ್ಲೂ ಎಣ್ಣೆ ಉಳಿಸುತ್ತದೆ. ಹಸುಗಳಿಗೆ ಒಳ್ಳೆಯದು, ನಮ್ಮ ಲೆಕ್ಕಕ್ಕಲ್ಲ. ಗಾಣಕ್ಕೆ ಸಾಲ ತೆಗೆದಾಗ ಯೋಜನಾ ವೆಚ್ಚದ ಶೇಕಡಾ 50ರಷ್ಟು ಸರ್ಕಾರದ ಸಹಾಯಧನ ಮಂಜೂರಾಗಿದೆ, ನಿಜ. ಅದು ಕೈಗೆ ಬರುವ ದುಡ್ಡಲ್ಲ. ಬ್ಯಾಂಕಿನಲ್ಲೇ 3 ವರ್ಷ ಕೂತು ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಹಾಗಾದರೆ ನಾನು ಧೈರ್ಯವಾಗಿ ಚೀಲ ವಾಪಸ್ ಕಳಿಸುತ್ತಿರುವುದು ಯಾರ ಬಲದಿಂದ? ನನ್ನ ಹೆಂಡತಿಯ ಸಂಬಳದಿಂದ. ಮನೆ ಬಾಡಿಗೆ, ಮಗಳ ಫೀಸು, ಅಪ್ಪನ ಮಾತ್ರೆ, ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಅವಳ ಆಫೀಸಿನಲ್ಲೂ ಮನಸ್ಸಿಲ್ಲದೆ ಸಹಿ ಹಾಕಬೇಕಾದ ಕಾಗದಗಳು ಇರುತ್ತವೆ ಅಲ್ವಾ? ನಾನು ಇಲ್ಲಿ ‘ಬೇಡ’ ಅನ್ನಲಿ ಅಂತ ಅವಳು ಅಲ್ಲಿ ‘ಸರಿ ಸಾರ್’ ಅನ್ನುತ್ತಿದ್ದಾಳೇನೋ. ನಾನು ಕೇಳಿಲ್ಲ. ಕೇಳಿದರೆ ‘ಬಿಡಿ’ ಅಂತ ನಕ್ಕುಬಿಡುತ್ತಾಳೆ. ಆ ನಗು ನೋಡಲು ನನಗೆ ಧೈರ್ಯ ಸಾಲದು.

ಇಷ್ಟೆಲ್ಲ ಬರೆಯಬೇಕು ಅಂದುಕೊಂಡಿರಲಿಲ್ಲ ಕಣೋ. ಅವಳೂ ಓದುತ್ತಾಳೆ. ಓದಲಿ.

ಸರಿ, ಬೇರೆ ಮಾತು. ನಿಮ್ಮಮ್ಮನಿಗೆ ಎರಡು ಲೀಟರ್ ಬಸ್ಸಿಗೆ ಹಾಕಿದ್ದೇನೆ. ಚಟ್ನಿಪುಡಿಗೆ ಹಸಿ ಎಣ್ಣೆಯನ್ನೇ ಕಲಸಿಕೊಳ್ಳಲು ಹೇಳು, ಆಗಲೇ ಶೇಂಗಾ ಘಮ ಗೊತ್ತಾಗುವುದು. ದಾವಣಗೆರೆ ಮೆಸ್ಸಿನ ಅವಲಕ್ಕಿ ಪ್ರಸಂಗ ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ, ಬಾಯಿ ಬಿಡಬೇಡ. ದೀಪಾವಳಿ ಕಳೆದ ಮೇಲೆ ಬಾ, ಹೊಸ ಶೇಂಗಾ ಬಂದಿರುತ್ತದೆ. ಬೀಜ ಆರಿಸಲು ಕೂರಿಸುತ್ತೇನೆ, ಕನ್ನಡಕ ಮರೆಯಬೇಡ.

ನಿನ್ನವನೇ