ಗಂಟಲು ಒಡೆದ ಹುಡುಗರ ಮೇಲುದನಿ ಎಲ್ಲೂ ಹೋಗಿಲ್ಲ

ಸಂಪಾದಕರಿಗೆ,

ಗಂಟಲು ಒಡೆಯುವ ವಯಸ್ಸಿನ ಹುಡುಗರಿಗೆ 'ಒಂದೆರಡು ವರ್ಷ ಹಾಡಲೇಬೇಡ' ಎಂದು ಹೇಳುವವರು ಈಗಲೂ ಬಹಳ ಮಂದಿ. ಹಾಗೆ ಸುಮ್ಮನಿದ್ದವರು ದನಿ ನೆಲೆಗೊಂಡ ಮೇಲೆ ಮತ್ತೆ ಹಾಡಲು ಕೂತರೆ ತಾರಸ್ಥಾಯಿಯಲ್ಲಿ ಬರೀ ಗಾಳಿ ಕೇಳಿಸುತ್ತದೆ. ಫಾಲ್ಸೆಟೊ, ಅಂದರೆ ಮಾತಿನ ದನಿಗಿಂತ ಮೇಲೆ ಹಗುರವಾಗಿ ಬರುವ ತೆಳು ಮೇಲುದನಿ, ಹೋಯಿತೆಂದು ಕೈಚೆಲ್ಲುತ್ತಾರೆ. ಅದು ಹೋಗಿರುವುದಿಲ್ಲ. ಬೆಳೆದ ಧ್ವನಿಪೆಟ್ಟಿಗೆಯ ಹೊಸ ಅಳತೆ ಸ್ನಾಯುಗಳಿಗೆ ಇನ್ನೂ ರೂಢಿಯಾಗಿರುವುದಿಲ್ಲ, ಅಷ್ಟೆ.

ಸಾಮಾನ್ಯವಾಗಿ 12ರಿಂದ 15 ವಯಸ್ಸಿನ ನಡುವೆ ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ, ಮಾತಿನ ಶ್ರುತಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಫಾಲ್ಸೆಟೊ ಹಾಡುವಾಗ ತಂತುಗಳ ಒಳಗಿನ ಸ್ನಾಯು ಸಡಿಲವಾಗಿರುತ್ತದೆ, ಹೊರಗಿನ ಸ್ನಾಯು ಅವನ್ನು ಉದ್ದಕ್ಕೆ ಎಳೆಯುತ್ತದೆ, ತೆಳು ಅಂಚುಗಳಷ್ಟೇ ಕಂಪಿಸುತ್ತವೆ. ಬೆಳವಣಿಗೆಯ ಹಂತದಲ್ಲಿ ತಂತುಗಳ ಹಿಂತುದಿ ಪೂರ್ತಿ ಕೂಡದೆ ಸಣ್ಣ ಸಂದು ಉಳಿಯುವುದುಂಟು. ಗಾಳಿ ಸೋರುವುದು ಅಲ್ಲಿ. ದನಿ ಸಾಲದೆಂದು ಹುಡುಗ ಇನ್ನಷ್ಟು ಊದುತ್ತಾನೆ, ಸೋರಿಕೆ ಹೆಚ್ಚುತ್ತದೆ, ಕತ್ತು ಬಿಗಿಯುತ್ತದೆ. ಹಾಗಾಗಿ ಮೊದಲು ಕಲಿಸಬೇಕಾದ್ದು ತಂತುಗಳು ಹಗುರವಾಗಿ ಕೂಡುವುದನ್ನು. ಜೋರನ್ನು ಆಮೇಲೆ ನೋಡಿಕೊಳ್ಳಬಹುದು.

ಅಭ್ಯಾಸ ಮೇಲಿನಿಂದ ಕೆಳಕ್ಕೇ ಇರಲಿ. ಕೆಳಗಿನಿಂದ ಹತ್ತಿದರೆ ಎದೆದನಿಯ (ಮಾತಾಡುವಾಗಿನ ತುಂಬು ದನಿಯ) ಭಾರವೂ ಜೊತೆಗೆ ಬಂದು, ಪಿಯಾನೊದ ನಡುವಿನ ಸಿಗಿಂತ ಮೇಲಿನ ಡಿ, ಎಫ್ ಸ್ವರಗಳ ಆಸುಪಾಸಿನಲ್ಲಿ ದನಿ ಒಡೆಯುತ್ತದೆ. ಲೋಟದ ನೀರಿನಲ್ಲಿ ಸ್ಟ್ರಾದ ತುದಿಯನ್ನು 2-3 ಸೆಂಟಿಮೀಟರ್ ಮುಳುಗಿಸಿ, ಅದರ ಮೂಲಕ 'ಊ' ಎನ್ನುತ್ತಾ ಮೇಲಿನಿಂದ ಜಾರಿ ಇಳಿಯುವುದು ಒಳ್ಳೆಯ ಆರಂಭ. ಮೂರು ನಿಮಿಷ ಸಾಕು. ನೀರಿನ ಪ್ರತಿರೋಧದಿಂದ ತಂತುಗಳು ಕಡಿಮೆ ಘರ್ಷಣೆಯಲ್ಲಿ ಕಂಪಿಸುತ್ತವೆ. ಗುಳ್ಳೆ ಒಂದೇ ಸಮ ಏಳುತ್ತಿರಬೇಕು. ಭುಸ್ಸೆಂದು ಉಕ್ಕಿದರೆ ಉಸಿರು ಹೆಚ್ಚಾಯಿತು ಎಂದರ್ಥ.

ಅನಂತರ 'ಗೂ' ಎನ್ನುತ್ತಾ ಪ ಮ ಗ ರಿ ಸ ಇಳಿಸಿ. ದನಿ ಒಡೆಯುವ ಜಾಗಕ್ಕಿಂತ ಮೂರು ನಾಲ್ಕು ಸ್ವರ ಮೇಲೆ ಆರಂಭಿಸಿ, ಪ್ರತಿ ಸಲ ಅರ್ಧ ಸ್ವರ ಕೆಳಗೆ ಬನ್ನಿ. 'ಹೂ' ಎಂದರೆ ಸ್ವರ ಹುಟ್ಟುವ ಮೊದಲೇ ಗಾಳಿ ಹೊರಡುತ್ತದೆ, ಆದ್ದರಿಂದ ಗಾಳಿದನಿಯವರಿಗೆ ಗಕಾರವೇ ಸರಿ. ಗಂಟಲು ಕುಕ್ಕಿ ಹಾಡುವವರಿಗೆ ಮಾತ್ರ ಹಕಾರ ಒಳ್ಳೆಯದು. 'ಊ' ಹಿಡಿತಕ್ಕೆ ಬಂದ ಮೇಲೆ 'ಓ', ಕೊನೆಗೆ 'ಆ'. ಅವಸರಪಟ್ಟು 'ಆ'ಕಾರದಿಂದಲೇ ತೊಡಗುವವರು ಬಹಳ ಬೇಗ ಸೋಲುತ್ತಾರೆ. ಹಾಡುವಾಗ ಗಂಟಲಗಂಟಿನ ಮೇಲೆ ಬೆರಳಿಟ್ಟು ನೋಡಿ. ಅದು ಗದ್ದದ ಕಡೆ ನೆಗೆದರೆ ಎರಡು ಸ್ವರ ಇಳಿಯಿರಿ. ಕೆಳಗೆ ಬರುವಾಗ ದನಿ ಎದೆಗೆ ಹಾರಿದರೆ ಹಾರಲಿ, ಮುಚ್ಚಿಡಲು ಗಂಟಲು ಬಿಗಿಯಬೇಡಿ. ಮೆಲ್ಲಗೆ ಹಾಡುತ್ತಾ ಹೋದರೆ ಆ ನೆಗೆತ ತಿಂಗಳುಗಳಲ್ಲಿ ತಗ್ಗುತ್ತದೆ. ದಿನಕ್ಕೆ ಹತ್ತು ಹತ್ತು ನಿಮಿಷದ ಎರಡು ಸರದಿ, ಮಾತಿನಷ್ಟೇ ಸದ್ದು. ಒಮ್ಮೆಲೇ ಒಂದು ಗಂಟೆ ಕೂರುವುದರಿಂದ ದಣಿವು ಬಿಟ್ಟು ಬೇರೇನೂ ಸಿಗದು.

ಸೋರಿಕೆ ಎಷ್ಟಿದೆಯೆಂದು ಅಂದಾಜಿಸಲು ಗಡಿಯಾರ ಸಾಕು. ಒಂದು ಉಸಿರಿನಲ್ಲಿ 'ಸ್ಸ್' ಎಷ್ಟು ಹೊತ್ತು, ಇನ್ನೊಂದರಲ್ಲಿ ದುಂಬಿಯಂತೆ ಗುಂಯ್‌ಗುಡುವ 'ಜ಼್ಜ಼್' ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಎರಡೂ ಹೆಚ್ಚುಕಡಿಮೆ ಸಮನಾಗಿರಬೇಕು. ಮೊದಲನೆಯದು 20 ಸೆಕೆಂಡ್ ಇದ್ದು ಎರಡನೆಯದು 14 ದಾಟದಿದ್ದರೆ, ಪದೇ ಪದೇ ಹಾಗೇ ಆದರೆ, ತಂತುಗಳನ್ನು ವೈದ್ಯರಿಗೆ ತೋರಿಸುವುದು ಲೇಸು. ನೋವಿದ್ದರೆ ಅಭ್ಯಾಸ ಅಲ್ಲಿಗೇ ನಿಲ್ಲಲಿ. ಗೊಗ್ಗರು ಮೂರು ವಾರವಾದರೂ ಬಿಡದಿದ್ದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಲೇಬೇಕು. ಹಾಡು ಹಾಗಿರಲಿ, ಮಾತೇ ಎಳೆಯ ದನಿಯಲ್ಲಿ ಉಳಿದುಬಿಟ್ಟಿದ್ದರೆ ಅದಕ್ಕೆ ವಾಕ್ ಚಿಕಿತ್ಸೆಯಿದೆ, ಗುಣವೂ ಸಾಮಾನ್ಯವಾಗಿ ಬೇಗ ಕಾಣುತ್ತದೆ.

ಶಿಕ್ಷಕರಲ್ಲಿ ಒಂದು ಕೋರಿಕೆ. ಹೋದ ವರ್ಷ ಮುಟ್ಟಿದ ಸ್ವರವನ್ನೇ ಈ ವರ್ಷವೂ ಹುಡುಗನಿಂದ ಕೇಳಬೇಡಿ. ಅವನು ಆಯಾಸವಿಲ್ಲದೆ ಮುಟ್ಟುವ ಮೇಲಿನ, ಕೆಳಗಿನ ಸ್ವರಗಳನ್ನು ತಿಂಗಳಿಗೊಮ್ಮೆ ಬರೆದಿಟ್ಟುಕೊಂಡು, ಹಾಡಿನ ಶ್ರುತಿಯನ್ನು ಅದಕ್ಕೆ ತಕ್ಕಂತೆ ಬದಲಿಸಿ.

– ಗಾಯನ ಶಿಕ್ಷಕರೊಬ್ಬರು