ಹಳ್ಳದ ದಂಡೆ ಕೆಲಸ: ವೆಚ್ಚದ ಪಾಲು ಕೇಳುವ ಜಮೀನುದಾರರಿಗೆ

ದನಗಳು ಹಳ್ಳದ ದಂಡೆ ತುಳಿದು ಹಾಳು ಮಾಡದಂತೆ ಬೇಲಿ, ನೀರಿನ ತೊಟ್ಟಿ ಹಾಕಲು ತಗಲುವ ವೆಚ್ಚದಲ್ಲಿ ಒಂದು ಪಾಲನ್ನು ನೆರವಿನ ಯೋಜನೆಯಿಂದ ಕೇಳುವವರಿಗೆ ಈ ಮಾತು. ಯೋಜನೆಯವರ ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಒಂದು ಗುಂಡಿಯನ್ನೂ ತೋಡಬೇಡಿ, ದಯವಿಟ್ಟು. ಮೊದಲೇ ಶುರುವಾದ ಕೆಲಸಕ್ಕೆ ಸಾಮಾನ್ಯವಾಗಿ ಪಾಲು ಸಿಗುವುದಿಲ್ಲ. ಶೇ. 75 ಕೊಡುತ್ತಾರೆಂದರೂ ಅದು ಮುಂಗಡವಲ್ಲ. ಹೆಚ್ಚಿನ ಕಡೆ ಪೂರ್ತಿ ಹಣ ನೀವೇ ಹಾಕಿ, ತಪಾಸಣೆ ಮುಗಿದ ಮೇಲೆ ಬಿಲ್ಲು ಕೊಟ್ಟು ವಾಪಸ್ ಪಡೆಯಬೇಕು. ಹಾಗಾಗಿ ಪ್ರತಿ ರಸೀದಿಯನ್ನೂ ಜೋಪಾನ ಮಾಡಿ.

ಬೇಲಿಗಿಂತ ಮೊದಲು ನೀರಿನ ತೊಟ್ಟಿ ಸಿದ್ಧವಿರಲಿ. ಬಾಯಾರಿದ ದನ ಬೇಲಿ ಮುರಿದಾದರೂ ಹಳ್ಳಕ್ಕೆ ಇಳಿಯುತ್ತದೆ. ತೊಟ್ಟಿಯ ಸುತ್ತ ಜಲ್ಲಿ ಹಾಸಿ, ಇಲ್ಲವಾದರೆ ಗೊರಸಿನ ತುಳಿತಕ್ಕೆ ಅಲ್ಲೇ ಕೆಸರುಗುಂಡಿ. ಹಳ್ಳದ ತಿರುವಿನ ಹೊರಬದಿಯಲ್ಲಿ ಬೇಲಿ ಇನ್ನಷ್ಟು ಹಿಂದೆ ಇರಲಿ. ನೀರು ಕೊರೆಯುವುದು ಅಲ್ಲೇ, ಕಂಬ ವಾಲುವುದೂ ಅಲ್ಲೇ.

ಒಪ್ಪಂದಕ್ಕೆ ಸಹಿ ಹಾಕುವಾಗ ನಿರ್ವಹಣೆಯ ಅವಧಿ, ಅಂದರೆ ಬೇಲಿಯನ್ನು ಎಷ್ಟು ಕಾಲ ಉಳಿಸಿಕೊಳ್ಳಬೇಕು ಎಂಬುದನ್ನು ಓದಿಕೊಳ್ಳಿ. ಆ ಅವಧಿ ಮುಗಿಯುವ ಮೊದಲು ಬೇಲಿ ಕಿತ್ತರೆ ಹಣ ಹಿಂದಿರುಗಿಸಬೇಕಾದೀತು. ಜಮೀನು ಮಾರುವವರು ಇದನ್ನು ಕೊಳ್ಳುವವರಿಗೂ ತಿಳಿಸಿ.